ನೀರಿನ ಮೇಲೆ ಓಡಿದ ರೈಲು

“ಸಾರ್, ನಿಮ್ಮ ರೈಲು ನೀರಿನ ಮೇಲೆ ಓಡ್ತಿದೆಯಲ್ಲ?”

ಇನ್‌ಸ್ಪೆಕ್ಟರ್ ತಮಾಷೆಗೆ ಕೇಳಿದ್ದಲ್ಲ. ಅವಳ ಬೆರಳು ಪ್ರಯೋಗಾಲಯದ ಕಾರಿಡಾರಿನ ಗೋಡೆಗೆ ಅಂಟಿಸಿದ್ದ ಚಿತ್ರದ ಮೇಲಿತ್ತು. ಕಾಡಿಗೆ ಬಳಿದಂಥ ಕಪ್ಪು ಕೆರೆ. ಕೆರೆಯ ಕೊರಳನ್ನು ದಾಟುವ ರೈಲು ಸೇತುವೆ, ಸೂಜಿಯಿಂದ ಗೀರಿದಂತೆ ಒಂದು ಬೆಳ್ಳನೆ ಗೆರೆ. ಸೇತುವೆಯಿಂದ ಬಹಳ ಮೇಲಕ್ಕೆ, ಬರೀ ನೀರಿನ ನಡುವೆ, ಅದರ ಸಮಕ್ಕೆ ಇನ್ನೊಂದು ಗಿಡ್ಡ ಗೆರೆ. ಅದರ ಪಕ್ಕ ಯಾರೋ ಪೆನ್ಸಿಲ್ಲಿನಲ್ಲಿ ‘ಬೆಳಗಿನ ರೈಲು’ ಎಂದು ಬರೆದು, ಒಂದು ಪುಟ್ಟ ಮೀನನ್ನೂ ಬಿಡಿಸಿದ್ದರು.

ಮುಂದೆ ನಡೆಯುತ್ತಿದ್ದ ಪ್ರಯೋಗಾಲಯದ ಉಪಮುಖ್ಯಸ್ಥ ಗಕ್ಕನೆ ನಿಂತ. ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಉಪಗ್ರಹದಿಂದ ಬರುವ ರೇಡಾರ್ ಚಿತ್ರಗಳ ತುಂಬ ಎಳ್ಳು ಚೆಲ್ಲಿದಂತೆ ಮಚ್ಚೆಗಳಿರುತ್ತವೆ. ಅವನ್ನೆಲ್ಲ ಅಳಿಸಿ ಚಿತ್ರವನ್ನು ನಯ ಮಾಡುವುದು ಅವನ ಕೆಲಸ. ಪ್ರಯೋಗಾಲಯದವರು ಬೆನ್ನ ಹಿಂದೆ ಅವನನ್ನು ‘ಫಿಲ್ಟರ್’ ಎನ್ನುತ್ತಿದ್ದರು. ಮುಂದೆ ‘ಸಾರ್’ ಎನ್ನುತ್ತಿದ್ದರು, ಅಷ್ಟೇ ನಯವಾಗಿ.

“ಅದು... ಹುಡುಗರ ತಮಾಷೆ ಮೇಡಂ. ಬನ್ನಿ, ನನ್ನ ಕೋಣೆಗೆ ಹೋಗೋಣ.”

“ಇದು ಆವತ್ತಿನ ಚಿತ್ರ ತಾನೆ? ಕೊಲೆ ಆದ ಬೆಳಗ್ಗಿನದು?”

“ತಾರೀಕು ಹಾಗೇ ಹೇಳುತ್ತೆ.”

“ನಮಗೆ ಕೊಟ್ಟಿದ್ದು ಇದಲ್ಲವಲ್ಲ?”

ಸತ್ತವನು ಈ ಪ್ರಯೋಗಾಲಯದ ಮುಖ್ಯಸ್ಥ. ಊರಾಚೆಯ ಕೆರೆ ಬತ್ತಿ ಬಿಟ್ಟುಹೋದ ಕೆಸರು ಬಯಲಿನಲ್ಲಿ, ಹಿಂದಲೆಗೆ ಪೆಟ್ಟು ಬಿದ್ದು, ಮುಖ ಕೆಸರಲ್ಲಿ ಹೂತು ಸತ್ತಿದ್ದ. ಲಾಕಪ್ಪಿನಲ್ಲಿರುವವನು ಪ್ರಯೋಗಾಲಯದ ಜೀಪ್ ಡ್ರೈವರ್, ಸತ್ತವನ ಹೆಂಡತಿಯ ಸ್ವಂತ ತಮ್ಮ. ಭಾವನ ದಯೆಯಿಂದ ಕೆಲಸ ಸಿಕ್ಕಿತ್ತಾದ್ದರಿಂದ ಇಡೀ ಕಚೇರಿಗೆ ಅವನು ‘ಭಾಮೈದ’. ಪೊಲೀಸ್ ಕಸ್ಟಡಿಯ ಅವಧಿ ಮುಗಿದು ನಾಳೆ ಬೆಳಗ್ಗೆ ಅವನನ್ನು ಮತ್ತೆ ನ್ಯಾಯಾಲಯಕ್ಕೆ ಒಪ್ಪಿಸಬೇಕು.

ಅವನ ವಿರುದ್ಧ ಇದ್ದದ್ದು ಎರಡೇ ಎರಡು. ಒಂದು, ಹಿಂದಿನ ದಿನ ಪ್ರಯೋಗಾಲಯದ ಅಂಗಳದಲ್ಲಿ ಎಲ್ಲರ ಮುಂದೆ ಅವನು ಭಾವನ ಮೇಲೆ ಕೂಗಾಡಿದ್ದ: “ಆಕಾಶದಿಂದ ಊರೆಲ್ಲ ನೋಡ್ತೀರಲ್ಲ ಭಾವ, ಮನೆಯೊಳಗೂ ಸ್ವಲ್ಪ ಕಣ್ಣು ಹಾಯಿಸಿ!” ಏನು ವಿಷಯ ಎಂದು ಕೇಳಿದರೆ, “ಮನೆ ಮಾತು” ಎನ್ನುತ್ತಾನೆ, ಅದಕ್ಕಿಂತ ಮುಂದೆ ಬಾಯಿ ಬಿಡುವುದಿಲ್ಲ.

ಎರಡು, ಚಿತ್ರ. ಉಪಮುಖ್ಯಸ್ಥನೇ ಕೊಟ್ಟ, ಅಂಗೈಯಗಲದ, ಗಾಜಿನಂತೆ ನುಣ್ಣಗಿದ್ದ ಚಿತ್ರ. ಅದರಲ್ಲಿ ಇದ್ದದ್ದು ಎರಡು ಬೆಳ್ಳನೆ ಚುಕ್ಕೆ. ಒಂದು, ಕೆಸರು ಬಯಲಿನ ನಡುವೆ ನೆಟ್ಟ ಲೋಹದ ‘ಮೂಲೆ’. ಮೂರು ತಗಡುಗಳನ್ನು ಕೋಣೆಯ ಮೂಲೆಯಂತೆ ಜೋಡಿಸಿದ್ದು. ಮೇಲಿಂದ ಬಂದ ರೇಡಾರ್ ಅಲೆಯನ್ನು ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ. ಅದನ್ನು ನೋಡಿ ಚಿತ್ರದ ಅಳತೆ ಸರಿಯಿದೆಯೇ ಎಂದು ತಾಳೆ ನೋಡುತ್ತಾರೆ. ಹೆಣ ಬಿದ್ದಿದ್ದು ಅದರ ಬುಡದಲ್ಲೇ, ರಕ್ತ ಹತ್ತಿದ್ದೂ ಅದರ ಅಂಚಿಗೇ. ಎರಡನೆಯ ಚುಕ್ಕೆ ಅದರ ಪಕ್ಕದಲ್ಲೇ. ‘ಜೀಪ್’ ಎಂದಿದ್ದ ಉಪಮುಖ್ಯಸ್ಥ.

ಭಾಮೈದನ ಹೇಳಿಕೆ ಬೇರೆ. “ಕತ್ತಲಲ್ಲೇ ಭಾವನ್ನ ರಸ್ತೆ ಅಂಚಿಗೆ ಬಿಟ್ಟೆ. ಅವರು ಕೆಸರಿಗಿಳಿದು ಮೂಲೆ ಕಡೆ ನಡೆದರು. ನಾನು ವಾಪಸು ಅಕ್ಕನ ಮನೆಗೆ ಬಂದು, ಜೀಪು ಅಂಗಳದಲ್ಲಿ ನಿಲ್ಲಿಸಿ ಮಲಗಿದೆ. ಆಮೇಲೆ ಆ ಕಡೆ ತಲೆ ಹಾಕಿಲ್ಲ. ಬೆಳಕು ಹರಿಯೋ ಹೊತ್ತಿಗೆ ದಾರಿಯಲ್ಲಿದ್ದಿರಬೇಕು.” ಉಪಗ್ರಹ ಹಾದುಹೋದದ್ದು ಬೆಳಕು ಹರಿಯುವ ಹೊತ್ತಿಗೇ. ಆಗ ಜೀಪು ಮೂಲೆಯ ಪಕ್ಕದಲ್ಲಿ ನಿಂತಿತ್ತು ಎಂದು ಚಿತ್ರ ಹೇಳಿದ ಮೇಲೆ ಅವನ ಮಾತು ಯಾರಿಗೆ ಬೇಕು?

ಇನ್‌ಸ್ಪೆಕ್ಟರಿಗೆ ಮಾತ್ರ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಕೆಸರಿನಲ್ಲಿ ಚಪ್ಪಲಿ ಗುರುತುಗಳು ಕಲಸಿಹೋಗುವಷ್ಟಿದ್ದವು. ಜೀಪಿನ ಗಾಲಿಯ ಗುರುತು ಒಂದೂ ಇರಲಿಲ್ಲ. ‘ಗಾಳಿ ಬೀಸಿ ನೀರು ಮೇಲೆ ಬಂದು ಅಳಿಸಿರುತ್ತೆ ಮೇಡಂ’ ಎಂದು ದಫೇದಾರ ಸಮಾಧಾನ ಹೇಳಿದ್ದ. ನೀರಿಗೆ ಗಾಲಿ ಯಾವುದು ಚಪ್ಪಲಿ ಯಾವುದು ಎಂದು ಆರಿಸಿ ಅಳಿಸುವಷ್ಟು ಪುರಸೊತ್ತು ಇತ್ತೇ ಎಂದು ಅವಳು ಕೇಳಲಿಲ್ಲ.

ಈಗ ಅವಳು ಗೋಡೆಯ ಚಿತ್ರದ ಮೇಲೆ ಬೆರಳನ್ನು ಸೇತುವೆಯಿಂದ ಕೆಳಕ್ಕೆ, ಕೆರೆಯ ದಡದ ರಸ್ತೆಗೆ, ಅಲ್ಲಿಂದ ಇನ್ನೂ ಕೆಳಗಿನ ಕೆಸರು ಬಯಲಿಗೆ ಇಳಿಸಿದಳು. ಅದೇ ಎರಡು ಚುಕ್ಕೆ. ಮೂಲೆಯದು ನಕ್ಷತ್ರದಂತೆ ಚೂಪು. ಜೀಪಿನದು...

“ಇದಕ್ಕೆ ಬಾಲ ಇದೆಯಲ್ಲ ಸಾರ್? ನಮಗೆ ಕೊಟ್ಟ ಚಿತ್ರದಲ್ಲಿ ಬಾಲ ಇರಲಿಲ್ಲ.”

“ಒಳಗೆ ಬನ್ನಿ,” ಎಂದ ಫಿಲ್ಟರ್.

*

ಅವನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಪರದೆ, ಮೂಲೆಯಲ್ಲಿ ಕೆಸರು ಮೆತ್ತಿದ ಉದ್ದದ ಹಲಗೆ. ಹಲಗೆಗೆ ಬಾಚಣಿಗೆಯಂತೆ ಸಾಲಾಗಿ ಸರಳು ಚುಚ್ಚಿದ್ದರು. ನೆಲದ ಮೇಲೆ ಊರಿದರೆ ಸರಳುಗಳು ಏರಿಳಿದು ಮಣ್ಣಿನ ಉಬ್ಬುತಗ್ಗು ತೋರಿಸುತ್ತವಂತೆ. ದಫೇದಾರ ಅದನ್ನು ಕಂಡು, “ಆನೆಗೆ ತಲೆ ಬಾಚೋಕಾ ಸಾರ್?” ಎಂದ. ಯಾರೂ ನಗಲಿಲ್ಲ.

“ಗೋಡೆ ಮೇಲೆ ಚಿತ್ರ ಹಾಕಿದ್ದು ಯಾರು?” ಎಂದಳು ಇನ್‌ಸ್ಪೆಕ್ಟರ್.

“ಮುಖ್ಯಸ್ಥರ ನಿಯಮ. ಪ್ರತಿ ಸಲ ಉಪಗ್ರಹ ಹಾದಾಗಲೂ ಪೂರ್ತಿ ಚಿತ್ರ, ನಯ ಮಾಡದೆ, ಹಸಿಹಸಿಯಾಗಿ ಅಚ್ಚು ತೆಗೆದು ಕಾರಿಡಾರಿನಲ್ಲಿ ಹಾಕಬೇಕು. ಹೋಗೋ ಬರೋರ ಕಣ್ಣಿಗೆ ಬೀಳಬೇಕು. ಯಂತ್ರವೇ ಅಚ್ಚು ತೆಗೆಯುತ್ತೆ, ಜವಾನ ಅಂಟಿಸ್ತಾನೆ. ಅವರು ಸತ್ತ ಮೇಲೂ... ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ.”

ಸತ್ತವನು ತನ್ನ ಸಾವಿನ ಬೆಳಗನ್ನು ತಾನೇ ಗೋಡೆಗೆ ಹಾಕಿಸಿದ್ದ. ಕಚೇರಿಗಳಲ್ಲಿ ಆದೇಶಗಳ ಆಯಸ್ಸು ಮನುಷ್ಯರದ್ದಕ್ಕಿಂತ ಗಟ್ಟಿ.

“ಸರಿ. ರೈಲಿನ ಕತೆ ಹೇಳಿ.”

ಅವನು ಮೇಜಿನ ಮೇಲೆ ಬೆರಳು ಜೋಡಿಸಿಕೊಂಡ.

“ಇದು ಫೋಟೋ ಅಲ್ಲ ಮೇಡಂ. ಉಪಗ್ರಹ ಪಕ್ಕಕ್ಕೆ ಮುಖ ಮಾಡಿ ಕೂಗು ಹಾಕ್ತಾ ಹೋಗುತ್ತೆ, ಮರುದನಿ ಕೇಳಿಸ್ಕೊಳ್ಳುತ್ತೆ. ನೀರು ನಿಶ್ಚಲವಾಗಿದ್ರೆ, ನುಣ್ಣನೆ ನೆಲಕ್ಕೆ ಓರೆಯಾಗಿ ಎಸೆದ ಚೆಂಡಿನ ಹಾಗೆ ಕೂಗು ಮುಂದಕ್ಕೆ ಜಾರಿಹೋಗುತ್ತೆ, ವಾಪಸು ಬರಲ್ಲ. ಅದಕ್ಕೆ ಕಪ್ಪು. ನೆಲ ಒರಟಾಗಿದ್ರೆ ಒಂದಿಷ್ಟು ಚೆದುರಿ ವಾಪಸು ಬರುತ್ತೆ. ಬೂದು. ಕಬ್ಬಿಣ ಆದ್ರೆ ಬೆಳ್ಳಗೆ.”

“ಅಂದ್ರೆ ಕೆರೆ ಕಪ್ಪಗಿದೆ ಅಂದ್ರೆ ಆವತ್ತು ಗಾಳಿ ಇರಲಿಲ್ಲ.”

“ಆ ಹೊತ್ತಿಗೆ ಇರಲಿಲ್ಲ. ಬೀಸಿದ್ರೆ ಅಲೆ ಎದ್ದು ನೀರೂ ಬೂದು ಆಗ್ತಿತ್ತು.”

ಇನ್‌ಸ್ಪೆಕ್ಟರ್ ದಫೇದಾರನ ಕಡೆ ನೋಡಿದಳು. ಹೆಣ ಸಿಕ್ಕಿದ್ದು ಬಿಸಿಲೇರುವ ಮೊದಲೇ. ತಾನು ಬೀಸಿಸಿದ ಗಾಳಿಯನ್ನು ದಫೇದಾರ ಮೌನವಾಗಿ ವಾಪಸು ತೆಗೆದುಕೊಂಡ.

“ರೈಲು,” ಎಂದಳು ಅವಳು.

“ತಾನು ಹಾರೋ ದಾರಿಯುದ್ದಕ್ಕೆ ಒಂದು ವಸ್ತು ಎಲ್ಲಿದೆ ಅನ್ನೋದನ್ನ ಉಪಗ್ರಹ ಮರುದನಿಯ ಏರಿಳಿತದಿಂದ ಲೆಕ್ಕ ಹಾಕುತ್ತೆ. ವಸ್ತು ನಿಂತಿದ್ರೆ ಲೆಕ್ಕ ಸರಿ. ಅದೂ ಓಡ್ತಾ ಇದ್ರೆ, ಎದುರು ಬರೋ ಆಂಬುಲೆನ್ಸ್ ಸದ್ದು ಏರುತ್ತಲ್ಲ, ಹಾಗೆ ಮರುದನಿ ಬದಲಾಗುತ್ತೆ. ಲೆಕ್ಕ ತಪ್ಪುತ್ತೆ. ಓಡೋ ವಸ್ತು ಇದ್ದ ಜಾಗ ಬಿಟ್ಟು ಪಕ್ಕಕ್ಕೆ ಜರುಗಿ ಕೂತ್ಕೊಳ್ಳುತ್ತೆ. ರೈಲು ಹಳಿ ಬಿಟ್ಟು ನೀರಲ್ಲಿ ಕಾಣುತ್ತೆ. ಸ್ವಲ್ಪ ಕದಡಿಯೂ ಕಾಣುತ್ತೆ.”

“ಬಾಲ.”

“ಹೌದು. ಬಾಲ.”

“ಆಕಾಶದಿಂದ ನೋಡೋರಿಗೇ ರೈಲು ಎಲ್ಲಿದೆ ಗೊತ್ತಾಗದಿದ್ರೆ,” ಎಂದ ದಫೇದಾರ, “ಪ್ಲಾಟ್‌ಫಾರಂ ಮೇಲೆ ಕಾಯೋ ನಮ್ಮ ಗತಿ ಏನು?”

ಇನ್‌ಸ್ಪೆಕ್ಟರ್ ಈ ಸಲವೂ ನಗಲಿಲ್ಲ. ಅವಳ ದನಿ ತಗ್ಗಿತು. ಠಾಣೆಯಲ್ಲಿ ಅವಳ ದನಿ ತಗ್ಗಿದರೆ ಪೇದೆಗಳು ಬಾಗಿಲು ಹುಡುಕುತ್ತಾರೆ.

“ಹಾಗಾದ್ರೆ ಜೀಪು?”

ಅವನು ಜೋಡಿಸಿಕೊಂಡಿದ್ದ ಬೆರಳುಗಳನ್ನು ಬಿಡಿಸಿದ.

“ಜೀಪು ಕೆಸರಲ್ಲಿ ನಿಂತೇ ಇರಲಿಲ್ಲ. ಮೇಲೆ ರಸ್ತೆಯಲ್ಲಿ ಓಡ್ತಿತ್ತು. ನಿಮ್ಮ ಚಿತ್ರದಲ್ಲಿ ಜರುಗಿ ಮೂಲೆ ಪಕ್ಕ ಬಂದು ಕೂತಿದೆ. ಹೌದೋ ಅಲ್ವೋ?”

“ಸಾಧ್ಯತೆ ಇದೆ.”

“ಸಾಧ್ಯತೆನಾ?”

“...ಹೌದು.”

“ಇದು ನಿಮಗೆ ಯಾವಾಗ ಗೊತ್ತಾಯ್ತು?”

“ನೋಡಿದ ತಕ್ಷಣ. ಇಲ್ಲಿಗೆ ಸೇರಿದ ಮೊದಲ ವಾರವೇ ಎಲ್ಲರಿಗೂ ಆ ರೈಲು ತೋರಿಸಿ ನಗ್ತೀವಿ.”

“ನೋಡಿದ ತಕ್ಷಣ ಗೊತ್ತಾಗಿ, ರೈಲು ಕಾಣದ ಹಾಗೆ ಸುತ್ತ ಕತ್ತರಿಸಿ, ಬಾಲ ಕಾಣದ ಹಾಗೆ ನಯ ಮಾಡಿ, ನನ್ನ ಕೈಗೆ ಕೊಟ್ರಿ.”

“ನೀವು ಕೇಳಿದ್ದು, ‘ಮೂಲೆ ಹತ್ತಿರ ಜೀಪು ಕಾಣ್ತಿದೆಯಾ’ ಅಂತ. ಕಾಣ್ತಿತ್ತು. ಅದು ನಿಂತಿದೆಯಾ, ಓಡ್ತಿದೆಯಾ ಅಂತ ಯಾರೂ ಕೇಳಲಿಲ್ಲ.”

“ಒಬ್ಬನ ಕತ್ತು ಇದರ ಮೇಲೆ ನಿಂತಿದೆ ಸಾರ್.”

ಮೊದಲ ಬಾರಿ ಅವನ ಮಾತಿನ ಇಸ್ತ್ರಿ ಕೆಟ್ಟಿತು.

“ಅವನೇ ಮಾಡಿದ್ದು ಅಂತ ಇಡೀ ಕಚೇರಿಗೆ ಗೊತ್ತು! ಹಿಂದಿನ ದಿನ ಹೇಗೆ ಕೂಗಾಡಿದ ನೀವು ನೋಡಿಲ್ಲ. ಹನ್ನೆರಡು ವರ್ಷ ನಾನು ಮುಖ್ಯಸ್ಥರ ಪಕ್ಕ ಕೂತು ಕೆಲಸ ಮಾಡಿದೀನಿ. ಈ ಚಿತ್ರಗಳಲ್ಲಿ ಎಲ್ಲ ಕಡೆ ಮಚ್ಚೆ ಇರುತ್ತೆ ಮೇಡಂ, ಒಂದೊಂದು ಮಚ್ಚೆಗೂ ಅರ್ಥ ಹುಡುಕ್ತಾ ಹೋದ್ರೆ ಹೊಲ ಯಾವುದು ನೀರು ಯಾವುದು ಅಂತಲೇ ಗೊತ್ತಾಗಲ್ಲ. ಸುತ್ತಮುತ್ತ ಎಲ್ಲಾ ಒಂದೇ ಮಾತು ಹೇಳ್ತಿರುವಾಗ ನಡುವೆ ಒಂದು ಮಾತ್ರ ಬೇರೆ ಹೇಳಿದ್ರೆ, ಅದನ್ನ ಅಳಿಸಿ ಸುತ್ತಲಿನದರ ಜೊತೆ ಸೇರಿಸ್ತೀವಿ. ಅದೇ ಕೆಲಸ. ನಾನು... ಅದನ್ನೇ ಮಾಡಿದೆ.”

ಅವನು ಸುಳ್ಳು ಹೇಳುತ್ತಿಲ್ಲ ಎನ್ನಿಸಿತು ಇನ್‌ಸ್ಪೆಕ್ಟರಿಗೆ. ಅದೇ ಅವಳಿಗೆ ಹೆಚ್ಚು ಅಸಹ್ಯವಾಯಿತು. ಸುಳ್ಳುಗಾರನನ್ನು ಹೆದರಿಸಬಹುದು. ಕೈ ಪಳಗಿ ತಪ್ಪು ಮಾಡಿದವನನ್ನು ಏನು ಮಾಡುವುದು?

ಅವಳು ಎದ್ದಳು. ಎದೆಯ ಮೇಲಿಂದ ಒಂದು ಕಲ್ಲು ಇಳಿದಂತಿತ್ತು. ಠಾಣೆಯ ಬೆಂಚಿನ ಮೇಲೆ ಕಾಯುತ್ತಿರುವ ಸತ್ತವನ ಹೆಂಡತಿಗೆ ಹೇಳಲು ಇವತ್ತು ಒಂದು ಉತ್ತರ ಸಿಕ್ಕಿತ್ತು.

“ಖುಷಿ ಪಡಬೇಡಿ ಮೇಡಂ,” ಎಂದ ಫಿಲ್ಟರ್. ದನಿಯಲ್ಲಿ ಗೆದ್ದವನ ಸಂತೋಷ ಇರಲಿಲ್ಲ, ದಣಿವಿತ್ತು. “ಇಷ್ಟು ತಿಳ್ಕೊಂಡಿದ್ದೀರಿ, ಪೂರ್ತಿ ತಿಳ್ಕೊಳ್ಳಿ. ರೈಲು ಯಾವ ಕಡೆ ಜರುಗಿದೆ?”

“ಮೇಲಕ್ಕೆ.”

“ಬೆಳಗಿನ ರೈಲು ಎಲ್ಲಿಗೆ ಹೋಗುತ್ತೆ?”

“ಊರಿಗೆ ಬರುತ್ತೆ.”

“ಕೆರೆ ರಸ್ತೆ ಹಳಿಯ ಸಮಕ್ಕೇ ಇದೆ. ಊರ ಕಡೆ ಬರೋದೆಲ್ಲ ಮೇಲಕ್ಕೆ ಜರುಗಬೇಕು. ಜೀಪು ಎಲ್ಲಿದೆ?”

ಕೆಸರು ಬಯಲು ರಸ್ತೆಯ ಕೆಳಗಿತ್ತು.

“ಕೆಳಕ್ಕೆ ಜರುಗಿದೆ. ಅಂದ್ರೆ ಊರಿಗೆ ವಾಪಸು ಬರ್ತಿರಲಿಲ್ಲ. ಊರಿಂದ ಕೆರೆ ಕಡೆ ಹೋಗ್ತಿತ್ತು. ಚೆನ್ನಾಗಿ ಜೋರಾಗೇ.” ಅವನು ಕಣ್ಣುಜ್ಜಿಕೊಂಡ. “ಇನ್ನೊಂದು. ಆ ಮೂಲೆಯನ್ನ ಉಪಗ್ರಹ ಬರೋ ದಿಕ್ಕಿಗೆ, ಸಂಜೆ ಒಂದು ಕಡೆ, ಬೆಳಗ್ಗೆ ಇನ್ನೊಂದು ಕಡೆ ಕೈಯಲ್ಲೇ ತಿರುಗಿಸಬೇಕು. ಆವತ್ತು ಅದು ನಕ್ಷತ್ರದ ಹಾಗೆ ಹೊಳೆದಿದೆ. ಮುಖ್ಯಸ್ಥರು ಆಗಲೇ ಅಲ್ಲಿದ್ದು ತಿರುಗಿಸಿದ್ರು. ಬದುಕಿದ್ರು. ಜೀಪು ಅವರ ಹತ್ತಿರ ಹೋಗ್ತಿತ್ತು.”

*

ದಾರಿಯುದ್ದಕ್ಕೂ ದಫೇದಾರ ಬಾಯಿ ಮುಚ್ಚಿಕೊಂಡಿದ್ದ. ಠಾಣೆಯ ತಿರುವು ಬಂದಾಗ ತಡೆಯಲಾಗಲಿಲ್ಲ.

“ಭಾವ ಮರೆತಿದ್ದನ್ನ ಏನೋ ತಂದುಕೊಡೋಕೆ ವಾಪಸು ಹೋಗಿದ್ನೇನೋ ಮೇಡಂ?”

“ಹಾಗಿದ್ರೆ ಹಾಗೇ ಹೇಳ್ತಿದ್ದ. ಆಮೇಲೆ ಆ ಕಡೆ ತಲೆ ಹಾಕಿಲ್ಲ ಅಂತ ಯಾಕೆ ಹಟ ಹಿಡೀಬೇಕು?”

“ಅಂದ್ರೆ ಅವನೇ.”

“ಅವನೇ ಅನ್ನೋಕೆ ಇಷ್ಟು ದಿನ ಒಂದು ತಪ್ಪು ಚಿತ್ರ ಇತ್ತು,” ಎಂದಳು ಅವಳು. “ಈಗ ಸರಿಯಾದದ್ದು ಸಿಕ್ಕಿದೆ. ಪುಣ್ಯ ಮಾಡಿದ್ದ.”

ಠಾಣೆಯ ಒಳಬಾಗಿಲ ಪಕ್ಕದ ಬೆಂಚಿನ ಮೇಲೆ ಸತ್ತವನ ಹೆಂಡತಿ ಕೂತಿದ್ದಳು. ದಿನಾ ಬರುತ್ತಿದ್ದಳು. ತಮ್ಮನನ್ನು ನೋಡಲು ಒಳಗೆ ಹೋಗುತ್ತಿರಲಿಲ್ಲ, ಊಟ ತರುತ್ತಿರಲಿಲ್ಲ, ವಕೀಲರನ್ನು ಕರೆತಂದಿರಲಿಲ್ಲ. ಬೆನ್ನು ಗೋಡೆಗೆ ತಾಗಿಸದೆ, ಬಸ್ಸು ಬಂದರೆ ತಕ್ಷಣ ಏಳಬೇಕೆನ್ನುವವಳಂತೆ ಅಂಚಿನಲ್ಲಿ ಕೂರುತ್ತಿದ್ದಳು.

ಮೊದಲ ದಿನವೇ ಅವಳು ಹೇಳಿದ್ದಳು: “ಗಂಡನಿಗೆ ಅಳೋಣ ಅಂದ್ರೆ ತಮ್ಮನ ಮುಖ ಅಡ್ಡ ಬರುತ್ತೆ ಮೇಡಂ. ತಮ್ಮನಿಗೆ ಅಳೋಣ ಅಂದ್ರೆ ಗಂಡನ ಮುಖ. ಅವನೇ ಮಾಡಿದ್ರೆ ಹೌದು ಅನ್ನಿ, ಇಲ್ಲದಿದ್ರೆ ಇಲ್ಲ ಅನ್ನಿ. ನನ್ನ ಒಂದು ಕಡೆ ಸೇರಿಸಿ.”

ತಮ್ಮನನ್ನು ಎತ್ತಿ ಆಡಿಸಿದವಳು ಅವಳೇ. ತಾಯಿ ತೀರಿದಾಗ ಅವನಿಗೆ ಹಾಲುಹಲ್ಲು ಇತ್ತಂತೆ. ಮದುವೆಯಾಗಿ ಬರುವಾಗ ಒಂದು ಪೆಟ್ಟಿಗೆ ಮತ್ತು ತಮ್ಮ, ಎರಡನ್ನೇ ತಂದಿದ್ದಳೆಂದು ಸತ್ತವನು ಕಚೇರಿಯಲ್ಲಿ ಹೇಳಿ ನಗುತ್ತಿದ್ದನಂತೆ. ‘ಪೆಟ್ಟಿಗೆ ಅಟ್ಟದ ಮೇಲಿದೆ, ಭಾಮೈದ ಜೀಪಲ್ಲಿದ್ದಾನೆ.’

ಇನ್‌ಸ್ಪೆಕ್ಟರ್ ಅವಳ ಮುಂದೆ ಒಂದು ಗಳಿಗೆ ನಿಂತಳು. “ಸ್ವಲ್ಪ ಹೊತ್ತು ಕೂತಿರಿ. ಇವತ್ತು ಹೇಳ್ತೀನಿ,” ಎಂದು ಒಳಗೆ ನಡೆದಳು.

*

ಭಾಮೈದ ಗೋಡೆಗೊರಗಿ ಕೂತಿದ್ದ. ಗಡ್ಡ ಬೆಳೆದಿತ್ತು, ತಮಾಷೆಯ ಚಟ ಬಿಟ್ಟಿರಲಿಲ್ಲ.

“ಬನ್ನಿ ಮೇಡಂ. ಜಾಗ ಚಿಕ್ಕದು, ಆದ್ರೂ ಮನೆ ಅಂದ್ಕೊಳ್ಳಿ.”

ಅವಳು ಸ್ಟೂಲು ಎಳೆದುಕೊಂಡು ಸರಳಿನ ಈಚೆ ಕೂತಳು. ದಫೇದಾರ ಬಾಗಿಲ ಬಳಿ ನಿಂತ.

“ನಿನಗೆ ಒಂದು ಒಳ್ಳೆ ಸುದ್ದಿ ಇದೆ, ಒಂದು ಕೆಟ್ಟ ಸುದ್ದಿ ಇದೆ.”

“ಒಳ್ಳೇದನ್ನ ದಫೇದಾರ್ರಿಗೆ ಕೊಡಿ. ನಾನು ಇಲ್ಲಿಗೆ ಬಂದಾಗಿಂದ ಅವರ ಮುಖ ಅರಳಿದ್ದೇ ಕಂಡಿಲ್ಲ.”

“ಜೀಪು ಕೆಸರಲ್ಲಿ ಇರಲಿಲ್ಲ. ನಿಮ್ಮ ಕಚೇರಿಯವರೇ ಒಪ್ಕೊಂಡ್ರು. ಅದು ರಸ್ತೆಯಲ್ಲಿ ಓಡ್ತಿತ್ತು.”

ಅವನು ನೆಟ್ಟಗೆ ಕೂತ. ಕಣ್ಣಲ್ಲಿ ನೀರು ತುಂಬಿತು. ಅದನ್ನು ಮರೆಸಲು ಕೆಮ್ಮಿದ.

“ನಾನು ಬಡ್ಕೊಂಡೆ ಮೇಡಂ. ಮೊದಲಿಂದ ಬಡ್ಕೊಂಡೆ. ವಾಪಸು ಬರ್ತಿದ್ದೆ ಅಂತ...”

“ಬರ್ತಿರಲಿಲ್ಲ. ಹೋಗ್ತಿದ್ದೆ.”

“ಏನು?”

“ಜೀಪು ಊರಿಂದ ಕೆರೆ ಕಡೆ ಹೋಗ್ತಿತ್ತು. ಬೆಳಕು ಹರಿಯೋ ಹೊತ್ತಿಗೆ. ಜೋರಾಗಿ. ನಿನ್ನ ಭಾವ ಆಗ ಅಲ್ಲಿದ್ರು, ಜೀವಂತ ಇದ್ರು. ನೀನು ಒಂದು ಸಲ ಬಿಟ್ಟು ಬಂದೆ, ಮನೆಗೆ ಬಂದೆ, ಅದು ನಿಜ ಇರಬಹುದು. ಆದ್ರೆ ಜೀಪು ಮತ್ತೆ ಹೋಯ್ತು. ಇದರಲ್ಲಿ ಅನುಮಾನಕ್ಕೆ ಜಾಗ ಇಲ್ಲ. ಯಾಕೆ ಹೋದೆ?”

ಅವನು ಸುಮ್ಮನಾದ. ಸಿಕ್ಕಿಬಿದ್ದವರ ಮೌನವನ್ನು ಇನ್‌ಸ್ಪೆಕ್ಟರ್ ಸಾಕಷ್ಟು ಕಂಡಿದ್ದಳು. ಅದರಲ್ಲಿ ಒಂದು ಓಡಾಟ ಇರುತ್ತದೆ. ಕಣ್ಣು ಬಾಗಿಲು, ಕಿಟಕಿ, ಹೊಸ ಸುಳ್ಳು ಹುಡುಕುತ್ತದೆ. ಇವನ ಕಣ್ಣು ಎಲ್ಲೂ ಓಡಲಿಲ್ಲ. ಯಾವುದೋ ಲೆಕ್ಕ ಹಾಕುತ್ತಿದ್ದವನಂತೆ ಹುಬ್ಬು ಗಂಟಿಕ್ಕಿತು. ಆವತ್ತು ಬೆಳಗ್ಗೆ ಕಂಡದ್ದನ್ನೋ, ಕೇಳಿದ್ದನ್ನೋ ಒಂದರ ಪಕ್ಕ ಒಂದು ಇಟ್ಟು ನೋಡುತ್ತಿದ್ದ. ಆಮೇಲೆ ಲೆಕ್ಕ ಮುಗಿಯಿತು. ಅವನ ಮುಖದಿಂದ ರಕ್ತ ಇಳಿದುಹೋದದ್ದು ಸರಳಿನ ಈಚೆಗೂ ಕಂಡಿತು.

“ಖಂಡಿತಾನಾ ಮೇಡಂ? ಜೀಪು ಹೋಗ್ತಿತ್ತಾ?”

ಈ ಪ್ರಶ್ನೆ ಅವಳಿಗೆ ವಿಚಿತ್ರವೆನಿಸಿತು. ತಾನು ಓಡಿಸಿದ ಜೀಪಿನ ಸುದ್ದಿಯನ್ನು ಇನ್ನೊಬ್ಬರ ಬಾಯಿಂದ ಕೇಳಿ ಖಚಿತಪಡಿಸಿಕೊಳ್ಳುವವರು ಯಾರು?

“ಖಂಡಿತ.”

“ಆ ಚಿತ್ರದಲ್ಲಿ...” ಅವನು ತುಟಿ ಒದ್ದೆ ಮಾಡಿಕೊಂಡ. “ಒಳಗೆ ಕೂತೋರು ಕಾಣ್ತಾರಾ?”

ದಫೇದಾರ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಇನ್‌ಸ್ಪೆಕ್ಟರ್ ಕೈಸನ್ನೆಯಲ್ಲೇ ಅವನನ್ನು ತಡೆದಳು. ಇಲ್ಲಿ ಒಂದು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಬಹುಶಃ ಎಲ್ಲವೂ ಅಲ್ಲೇ ಹೊರಬೀಳುತ್ತಿತ್ತು. ಆದರೆ ಬೆಳಗ್ಗಿನಿಂದ ಒಂದು ನಯವಾದ ಸುಳ್ಳಿನ ವಾಸನೆ ಅವಳ ಮೂಗಿನಲ್ಲಿತ್ತು.

“ಕಾಣಲ್ಲ,” ಎಂದಳು. “ಕಬ್ಬಿಣ ಮಾತ್ರ ಕಾಣುತ್ತೆ. ಯಾರು ಓಡಿಸ್ತಿದ್ರು ಅಂತ ಯಾವ ಉಪಗ್ರಹಕ್ಕೂ ಗೊತ್ತಾಗಲ್ಲ.”

ಅವನು ಉಸಿರು ಬಿಟ್ಟ. ಇಷ್ಟು ದಿನ ಹಸಿವಿಗೆ, ನಿದ್ದೆಗೇಡಿಗೆ, ದಫೇದಾರನ ಗದರಿಕೆಗೆ ಜಗ್ಗದೆ ‘ನಾನಲ್ಲ, ನಾನಲ್ಲ’ ಎಂದವನ ಭುಜಗಳು ಸಡಿಲವಾಗಿ ಇಳಿದವು. ಅವನು ಎದ್ದು ಸರಳಿನ ಹತ್ತಿರ ಬಂದ. ಹೊರಗಿನ ಬೆಂಚಿನವರೆಗೆ ಕೇಳಿಸಬಾರದೆನ್ನುವಷ್ಟು ಮೆಲ್ಲಗೆ ಮಾತಾಡಿದ.

“ಹಾಗಾದ್ರೆ ಬರ್ಕೊಳ್ಳಿ ಮೇಡಂ. ಜೀಪಲ್ಲಿದ್ದಿದ್ದು ನಾನೇ. ಭಾವನ್ನ ಕೊಂದಿದ್ದು ನಾನೇ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಅಕ್ಕನ್ನ ಮಾತ್ರ ಈಗಲೇ ಮನೆಗೆ ಕಳಿಸಿಬಿಡಿ, ಏನೂ ಕೇಳದೆ.”